ತೂಕ ಇಳಿಸುವಾಗ ಬಿಡದೆ ಕಾಡುವ ಹಸಿವು: ಪಥ್ಯ ಕೆಡದಂತೆ ಅದನ್ನು ನಿಭಾಯಿಸುವ ಬಗೆ

ತೂಕ ಇಳಿಸಲು ಪಥ್ಯ ಹಿಡಿದವರು ಅದನ್ನು ಅರ್ಧದಲ್ಲಿಯೇ ಕೈಬಿಡುವುದಕ್ಕೆ ಬಹುಪಾಲು ಹಸಿವೇ ಕಾರಣ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಹೊಟ್ಟೆ ಹಸಿದೇ ಇದ್ದರೆ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ, ಮನೆಯವರ ಮೇಲೆ ಸುಮ್ಮಸುಮ್ಮನೆ ಸಿಡುಕು ಬರುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ, ಕೊನೆಗೆ ಒಂದು ಸಂಜೆ ಕೈಗೆ ಸಿಕ್ಕಿದ್ದನ್ನೆಲ್ಲ ತಿಂದು ಮುಗಿಸುವಂತಾಗುತ್ತದೆ. ಆಮೇಲೆ ‘ನನಗೆ ಮನೋಬಲ ಸಾಲದು’ ಎಂದು ತಮ್ಮನ್ನೇ ಹಳಿದುಕೊಳ್ಳುವವರು ಬಹಳ ಮಂದಿ. ಊಟಕ್ಕೆ ಮೊದಲು ಒಂದಿಷ್ಟು ಹೊತ್ತು ಚೆನ್ನಾಗಿ ಹಸಿವಾಗುವುದು ತೂಕ ಇಳಿಸುವಾಗ ಸಹಜ, ಅದನ್ನು ತಾಳಿಕೊಳ್ಳಲೂಬಹುದು. ದಿನವಿಡೀ ಹಸಿವೇ ಆಗುತ್ತಿದೆಯೆಂದರೆ ಆ ಪಥ್ಯವನ್ನು ಕಟ್ಟಿದ ರೀತಿಯಲ್ಲಿಯೇ ತಪ್ಪಿದೆ ಎಂದು ತಿಳಿಯಬೇಕು. ಆ ತಪ್ಪು ಎಲ್ಲಿರುತ್ತದೆ, ಅದನ್ನು ನಮ್ಮ ಅಡುಗೆಮನೆಯಲ್ಲಿಯೇ ಹೇಗೆ ಸರಿಪಡಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ದೇಹ ಏಕೆ ಹೀಗೆ ಹಟ ಹಿಡಿಯುತ್ತದೆ

ಹೊಟ್ಟೆ ಖಾಲಿಯಾದಾಗ ಜಠರವು ಘ್ರೆಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ನಾವು ರೂಢಿಯಲ್ಲಿ ಊಟ ಮಾಡುವ ಹೊತ್ತಿಗೆ ಅದು ತಾನಾಗಿಯೇ ಏರಿ, ಊಟವಾದ ಮೇಲೆ ಇಳಿಯುತ್ತದೆ. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಎಂಬ ಇನ್ನೊಂದು ಹಾರ್ಮೋನು ‘ಕೂಡಿಟ್ಟದ್ದು ಸಾಕಷ್ಟಿದೆ’ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತಿರುತ್ತದೆ. ತೂಕ ಇಳಿಯತೊಡಗಿದಾಗ ಲೆಪ್ಟಿನ್ ತಗ್ಗುತ್ತದೆ, ಘ್ರೆಲಿನ್ ಹೆಚ್ಚುತ್ತದೆ, ಕಳೆದುಹೋದ ಕೊಬ್ಬನ್ನು ಮರಳಿ ತುಂಬಿಸಿಕೊಳ್ಳಲು ದೇಹವು ಹಸಿವನ್ನೇ ಸಾಧನವಾಗಿ ಬಳಸುತ್ತದೆ. 2011ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹತ್ತು ವಾರ ಬಹಳ ಕಡಿಮೆ ಆಹಾರ ತೆಗೆದುಕೊಂಡು ತೂಕ ಇಳಿಸಿದವರ ರಕ್ತವನ್ನು ಒಂದು ವರ್ಷದ ನಂತರ ಮತ್ತೆ ಪರೀಕ್ಷಿಸಿದಾಗಲೂ ಹಸಿವಿಗೆ ಸಂಬಂಧಿಸಿದ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ.

ಆಹಾರವನ್ನು ವಿಪರೀತ ಕಡಿಮೆ ಮಾಡಿದರೆ ಮನಸ್ಸಿನ ಮೇಲೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇರೆ ಬೇಕಿಲ್ಲ. ಆರೋಗ್ಯವಂತರಾದ 36 ಯುವಕರಿಗೆ ಆರು ತಿಂಗಳ ಕಾಲ ದಿನಕ್ಕೆ ಸರಾಸರಿ 1,570 ಕ್ಯಾಲೊರಿಯಷ್ಟೇ ಆಹಾರ ಕೊಡಲಾಯಿತು, ಜೊತೆಗೆ ನಡಿಗೆ ಮತ್ತು ಕೆಲಸವೂ ಇತ್ತು. ಕೆಲವೇ ವಾರಗಳಲ್ಲಿ ಅವರ ಮಾತೆಲ್ಲ ಊಟದ ಬಗ್ಗೆಯೇ ಆಯಿತು. ಅಡುಗೆಯಲ್ಲಿ ಎಂದೂ ಆಸಕ್ತಿ ತೋರದವರು ಅಡುಗೆ ಪುಸ್ತಕಗಳನ್ನು ಓದತೊಡಗಿದರು, ಸಿಡುಕು ಮತ್ತು ಖಿನ್ನತೆ ಹೆಚ್ಚಿದವು. ಆ ಪ್ರಮಾಣದ ಆಹಾರವನ್ನು ಇಂದು ಅನೇಕ ಡಯಟ್ ಚಾರ್ಟ್‌ಗಳು ‘ಧಾರಾಳ’ ಎಂದು ಕರೆಯುತ್ತವೆ ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಆದ್ದರಿಂದ ಮೊದಲು ನೋಡಬೇಕಾದದ್ದು ನೀವು ಎಷ್ಟು ಕಡಿತ ಮಾಡಿದ್ದೀರಿ ಎಂಬುದನ್ನು. ದಿನದ ಅಗತ್ಯಕ್ಕಿಂತ ಸುಮಾರು 500 ಕ್ಯಾಲೊರಿ ಕಡಿಮೆ ತಿಂದರೆ ಆರಂಭದಲ್ಲಿ ವಾರಕ್ಕೆ ಅರ್ಧ ಕಿಲೋ ಆಸುಪಾಸಿನಲ್ಲಿ ತೂಕ ಇಳಿಯುತ್ತದೆ. ಕುಳ್ಳಗಿರುವವರಿಗೆ, ಕುಳಿತೇ ಕೆಲಸ ಮಾಡುವವರಿಗೆ 300 ಕ್ಯಾಲೊರಿಯ ಕಡಿತವೇ ಸಾಕು. ಮದುವೆಗೆ ಒಂದು ತಿಂಗಳಿದೆ, ಅಷ್ಟರಲ್ಲಿ ಎಂಟು ಕಿಲೋ ಇಳಿಯಬೇಕು ಎಂದು ಹೊರಟವರಿಗೆ ಈ ಲೇಖನದಲ್ಲಿ ಹೇಳುವ ಯಾವ ಉಪಾಯವೂ ಹಸಿವನ್ನು ತಗ್ಗಿಸಿಕೊಡಲಾರದು. ಅವರು ಮೊದಲು ಗುರಿಯನ್ನು ಬದಲಿಸಿಕೊಳ್ಳಬೇಕು. ದಿನಕ್ಕೆ 1,200 ಕ್ಯಾಲೊರಿಗಿಂತ ಕೆಳಗೆ ಇಳಿಯುವುದಂತೂ ವೈದ್ಯರ ನಿಗಾ ಇಲ್ಲದೆ ಸಲ್ಲದು.

ಹೊಟ್ಟೆಯ ಹಸಿವೋ, ಬಾಯಿಯ ಬಯಕೆಯೋ

ಹೊಟ್ಟೆಯ ಹಸಿವು ನಿಧಾನವಾಗಿ ಏರುತ್ತದೆ, ಅದಕ್ಕೆ ಇಂಥದ್ದೇ ತಿನಿಸು ಬೇಕೆಂಬ ಹಟವಿರುವುದಿಲ್ಲ. ಬಾಯಿಯ ಬಯಕೆ ಥಟ್ಟನೆ ಬರುತ್ತದೆ, ಅದಕ್ಕೆ ಬೋಂಡವೇ ಬೇಕು, ಮೈಸೂರುಪಾಕೇ ಬೇಕು. ಇವೆರಡನ್ನು ಬೇರ್ಪಡಿಸಲು ಸರಳವಾದ ಪರೀಕ್ಷೆಯೊಂದಿದೆ: ‘ಈಗ ಒಂದು ಬಟ್ಟಲು ಹುರುಳಿಕಾಯಿ ಪಲ್ಯವನ್ನೋ ಬರಿಯ ಬೇಳೆಯನ್ನೋ ಕೊಟ್ಟರೆ ತಿನ್ನುತ್ತೇನೆಯೇ?’ ಎಂದು ಕೇಳಿಕೊಳ್ಳಿ. ಹೌದು ಎಂದಾದರೆ ಅದು ಹಸಿವು, ತಿನ್ನುವುದೇ ಅದಕ್ಕೆ ಉತ್ತರ. ಖಾರಾ ಮಿಕ್ಸ್ಚರ್ ಆದರೆ ಮಾತ್ರ ಬೇಕು ಎನಿಸಿದರೆ ಇಪ್ಪತ್ತು ನಿಮಿಷ ಬೇರೆ ಕೆಲಸದಲ್ಲಿ ತೊಡಗಿ ನೋಡಬಹುದು. ಬಯಕೆ ಬಹುಮಟ್ಟಿಗೆ ಏರಿ ಇಳಿದುಹೋಗುತ್ತದೆ. ಆದರೆ ನಿಜವಾದ ಹಸಿವನ್ನು ಬಯಕೆ ಎಂದು ಕರೆದು ದಿನವೂ ಅದುಮಿಡುವುದು ತಪ್ಪು. ಏಕಾದಶಿಯಂದು ಉಪವಾಸ ಮಾಡಿ ರೂಢಿಯಿರುವವರು ಒಂದು ದಿನದ ಹಸಿವನ್ನು ಸುಲಭವಾಗಿ ದಾಟಬಲ್ಲರು, ಏಕೆಂದರೆ ಮರುದಿನ ದ್ವಾದಶಿಯ ಪಾರಣೆ ಇದೆ ಎಂಬುದು ಅವರಿಗೆ ಗೊತ್ತು. ತಿಂಗಳುಗಟ್ಟಲೆ ನಡೆಯುವ ಪಥ್ಯಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ತಟ್ಟೆಯನ್ನು ಮರುಜೋಡಿಸುವುದು

ಹೆಚ್ಚಿನ ಮನೆಗಳಲ್ಲಿ ಪಥ್ಯವೆಂದರೆ ತಟ್ಟೆಯಲ್ಲಿ ಇದ್ದದ್ದನ್ನೇ ಅರ್ಧ ಮಾಡುವುದು: ಎರಡು ಸೌಟು ಅನ್ನವಿದ್ದಲ್ಲಿ ಒಂದು, ಮೂರು ಚಪಾತಿಯಿದ್ದಲ್ಲಿ ಒಂದೂವರೆ. ಹೊಟ್ಟೆಗೆ ಇದು ಬರಿಯ ನಷ್ಟ. ಜಠರದ ಗೋಡೆ ಎಷ್ಟು ಹಿಗ್ಗಿತು ಎಂಬುದರಿಂದಲೂ ಮಿದುಳಿಗೆ ತೃಪ್ತಿಯ ಸುದ್ದಿ ಹೋಗುತ್ತದೆ. ತಟ್ಟೆಯ ಗಾತ್ರ ಅರ್ಧವಾದರೆ ಆ ಸುದ್ದಿಯೂ ಅರ್ಧವಾಗುತ್ತದೆ. ಮಾಡಬೇಕಾದದ್ದು ಆಹಾರದ ಗಾತ್ರವನ್ನು ಹಾಗೆಯೇ ಉಳಿಸಿ, ಸಾಧ್ಯವಾದರೆ ಹೆಚ್ಚಿಸಿ, ಅದರೊಳಗಿನ ಕ್ಯಾಲೊರಿಯನ್ನು ಕಡಿಮೆ ಮಾಡುವುದು. ನೀರಿನಂಶ, ನಾರಿನಂಶ ಮತ್ತು ಪ್ರೋಟೀನ್ ಹೆಚ್ಚಿರುವ, ಎಣ್ಣೆ ಮತ್ತು ಸಕ್ಕರೆ ಕಡಿಮೆ ಇರುವ ಆಹಾರ ಈ ಕೆಲಸ ಮಾಡುತ್ತದೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸೂಸನ್ನಾ ಹೋಲ್ಟ್ ಮತ್ತು ಸಂಗಡಿಗರು 38 ಆಹಾರಗಳನ್ನು, ಪ್ರತಿಯೊಂದರಲ್ಲಿಯೂ 240 ಕ್ಯಾಲೊರಿ ಇರುವಂತೆ ಅಳೆದು, ಜನರಿಗೆ ತಿನ್ನಿಸಿ ಹೊಟ್ಟೆ ಎಷ್ಟು ತುಂಬಿತು ಎಂದು ಕೇಳಿದರು. ಬೇಯಿಸಿದ ಆಲೂಗಡ್ಡೆ ಬಿಳಿ ಬ್ರೆಡ್ಡಿನ ಮೂರು ಪಟ್ಟಿಗಿಂತ ಹೆಚ್ಚು ತೃಪ್ತಿ ಕೊಟ್ಟಿತು. ಬೆಣ್ಣೆಯಲ್ಲಿ ಮಾಡಿದ ಕ್ರೊಸಾಂಟ್ ಬ್ರೆಡ್ಡಿನ ಅರ್ಧದಷ್ಟೂ ಕೊಡಲಿಲ್ಲ. ತೂಕ ಇಳಿಸುವವರು ಮೊದಲು ಕೈಬಿಡುವುದು ಇದೇ ಆಲೂಗಡ್ಡೆಯನ್ನು. ಅದನ್ನು ಬೇಯಿಸಿ ತಿಂದರೆ ಯಾವ ಅಪಚಾರವೂ ಇಲ್ಲ, ಕೆಡುಕು ಇರುವುದು ಅದನ್ನು ಕರಿಯುವ ಎಣ್ಣೆಯಲ್ಲಿ.

ಎಣ್ಣೆಯ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ದೊಡ್ಡ ಚಮಚ, ಎಂದರೆ 15 ಮಿಲಿಲೀಟರ್ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ, ಅದು ಹೊಟ್ಟೆಯಲ್ಲಿ ಜಾಗವನ್ನೇ ಹಿಡಿಯುವುದಿಲ್ಲ. ಒಗ್ಗರಣೆಗೆ ಕ್ಯಾನಿನಿಂದ ನೇರವಾಗಿ ಬಾಣಲೆಗೆ ಸುರಿಯುವ ಅಭ್ಯಾಸವಿದ್ದರೆ ಒಂದು ಪಲ್ಯಕ್ಕೆ ಮೂರು ನಾಲ್ಕು ಚಮಚ ಹೋದದ್ದು ತಿಳಿಯುವುದೇ ಇಲ್ಲ. ಒಂದು ವಾರ ಚಮಚದಲ್ಲಿ ಅಳೆದು ಹಾಕಿ ನೋಡಿ. ಸಾಸಿವೆ ಸಿಡಿಯಲು, ಇಂಗು ಕರಿಬೇವಿನ ಘಮ ಬರಲು ಎರಡು ಸಣ್ಣ ಚಮಚ ಎಣ್ಣೆ ಸಾಕು. ಹೀಗೆ ಉಳಿಸಿದ 200 ಕ್ಯಾಲೊರಿಯಲ್ಲಿ ಒಂದು ದೊಡ್ಡ ಬಟ್ಟಲು ಕಾಳಿನ ಹುಳಿಯನ್ನು ಹೆಚ್ಚಾಗಿಯೇ ಉಣ್ಣಬಹುದು. ತೆಂಗಿನಕಾಯಿಗೂ ಇದೇ ಲೆಕ್ಕ: ನೂರು ಗ್ರಾಂ ಹಸಿ ತುರಿಯಲ್ಲಿ 400 ಕ್ಯಾಲೊರಿಯಷ್ಟಿರುತ್ತದೆ. ಕರಾವಳಿಯ ಅಡುಗೆಯಲ್ಲಿ ಕಾಯಿಯನ್ನು ಪೂರ್ತಿ ಬಿಡು ಎಂದರೆ ಊಟದ ರುಚಿಯೇ ಹೋದಂತೆ, ಆದ್ದರಿಂದ ಮಸಾಲೆಗೆ ರುಬ್ಬುವ ಕಾಯಿಯನ್ನು ಅರ್ಧಕ್ಕೆ ಇಳಿಸಿ, ಮಂದಕ್ಕೆ ಬೇಯಿಸಿದ ಬೇಳೆಯನ್ನು ಸೇರಿಸಿಕೊಳ್ಳುವುದು ನಡುವಿನ ದಾರಿ.

ಊಟವನ್ನು ಕೋಸಂಬರಿಯಿಂದ ಆರಂಭಿಸುವುದು ಹಸಿವಿಗೆ ಬಹಳ ಉಪಕಾರಿ. ಇಬ್ಬರಿಗೆ 50 ಗ್ರಾಂ ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ನೀರು ಬಸಿದು, ಎರಡು ಎಳೆ ಸೌತೆಕಾಯಿಯನ್ನು ಸಣ್ಣಗೆ ಹೆಚ್ಚಿ, ಒಂದು ಕ್ಯಾರೆಟ್ ತುರಿದು ಸೇರಿಸಿ, ಒಂದೇ ಸಣ್ಣ ಚಮಚ ಎಣ್ಣೆಯಲ್ಲಿ ಸಾಸಿವೆ, ಹಸಿಮೆಣಸಿನಕಾಯಿ, ಇಂಗಿನ ಒಗ್ಗರಣೆ ಕೊಟ್ಟು, ನಿಂಬೆರಸ ಮತ್ತು ಕೊತ್ತಂಬರಿ ಸೊಪ್ಪು ಬೆರೆಸಬೇಕು. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿದರೆ ಸೌತೆಕಾಯಿ ನೀರು ಬಿಡದೆ ಗರಿಗರಿಯಾಗಿರುತ್ತದೆ, ಅಗಿಯಲು ಕೆಲಸವಿರುತ್ತದೆ. ಮದುವೆಯೂಟದ ಎಲೆಯಲ್ಲಿ ಒಂದು ಚಮಚದಷ್ಟು ಬಡಿಸುವ ಈ ಪದಾರ್ಥವನ್ನು ಪಥ್ಯದಲ್ಲಿರುವವರು ಬಟ್ಟಲು ತುಂಬ ತಿನ್ನಬೇಕು, ಅದೂ ಅನ್ನಕ್ಕೆ ಕೈ ಹಾಕುವ ಮೊದಲು. ಕೋಸಂಬರಿ ಇಲ್ಲದ ದಿನ ಒಂದು ಬಟ್ಟಲು ಬಿಸಿ ಸಾರನ್ನು ತರಕಾರಿ ಸಮೇತ ಮೊದಲು ಕುಡಿದರೂ ಆದೀತು. ಹೊಟ್ಟೆ ತುಂಬಿದ ಅರಿವು ಮಿದುಳಿಗೆ ಸರಿಯಾಗಿ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕಾಗುವುದರಿಂದ ಮೊದಲ ತುತ್ತುಗಳು ಹಗುರವಾದವುಗಳಾದಷ್ಟೂ ಲಾಭ.

ಇನ್ನು ಪ್ರೋಟೀನ್. ಹಸಿವನ್ನು ಹೆಚ್ಚು ಹೊತ್ತು ತಡೆದು ಹಿಡಿಯುವುದು ಇದೇ, ನಮ್ಮ ಸಸ್ಯಾಹಾರಿ ಊಟದಲ್ಲಿ ಹೆಚ್ಚಾಗಿ ಕೊರತೆ ಬೀಳುವುದೂ ಇದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಸಾಮಾನ್ಯ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಶಿಫಾರಸು ಮಾಡಿದೆ. ತೂಕ ಇಳಿಸುವಾಗ ಸ್ನಾಯು ಕರಗದಂತೆ, ಹಸಿವು ಹತೋಟಿಯಲ್ಲಿರುವಂತೆ ನೋಡಿಕೊಳ್ಳಲು ಮೂತ್ರಪಿಂಡದ ತೊಂದರೆ ಇಲ್ಲದವರು 1ರಿಂದ 1.2 ಗ್ರಾಂವರೆಗೆ ಹೋಗುವುದು ಒಳ್ಳೆಯದು. 65 ಕಿಲೋ ತೂಕದ ಸಸ್ಯಾಹಾರಿಯೊಬ್ಬರು 40 ಗ್ರಾಂ ಹೆಸರುಕಾಳಿನ ಮೊಳಕೆ, ಎರಡು ಊಟಕ್ಕೆ ಸೇರಿ 60 ಗ್ರಾಂ ತೊಗರಿಬೇಳೆ, 30 ಗ್ರಾಂ ಸೋಯಾ ಚಂಕ್ಸ್, ಒಂದು ಲೋಟ ಹಾಲು, ಎರಡು ಸಣ್ಣ ಬಟ್ಟಲು ಮೊಸರು, ಜೊತೆಗೆ ದಿನದ ಧಾನ್ಯ ಸುಮಾರು 200 ಗ್ರಾಂ ತೆಗೆದುಕೊಂಡರೆ 65 ಗ್ರಾಂ ಹತ್ತಿರಕ್ಕೆ ಬರುತ್ತಾರೆ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಗೆ ಆರು ಗ್ರಾಂ ಸಿಗುತ್ತದೆ. ಮೀನು, ಕೋಳಿ ತಿನ್ನುವವರಿಗೆ ಈ ಲೆಕ್ಕ ಇನ್ನೂ ಸುಲಭ. ಬೇಳೆ ಹಾಕಿದ ಸಾರು ದಿನವೂ ತಿನ್ನುತ್ತೇವಲ್ಲ ಎನ್ನುವವರು ಒಂದು ಮಾತನ್ನು ಗಮನಿಸಬೇಕು: ಸಾರಿನ ಪಾತ್ರೆಯಲ್ಲಿ ಬೇಳೆ ತಳದಲ್ಲಿ ಕೂರುತ್ತದೆ, ಮೇಲಿನ ತಿಳಿಯಲ್ಲಿ ಹುಳಿ, ಖಾರ, ಘಮ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಸೌಟನ್ನು ತಳಕ್ಕೆ ಇಳಿಸಿ, ಕಲಕಿ, ಗಟ್ಟಿಯನ್ನು ಬಡಿಸಿಕೊಳ್ಳಬೇಕು.

ರಾಗಿ ಮುದ್ದೆಯನ್ನು ಬಿಡಬೇಕೇ ಎಂದು ಹಳೇ ಮೈಸೂರು ಕಡೆಯವರು ಕೇಳುವುದುಂಟು. ಬಿಡಬೇಕಾಗಿಲ್ಲ. 75 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಸುಮಾರು 240 ಕ್ಯಾಲೊರಿ, ಎಂಟು ಗ್ರಾಂ ನಾರು ಇರುತ್ತದೆ. ಅಷ್ಟೇ ತೂಕದ ಬಿಳಿ ಅಕ್ಕಿಯ ಅನ್ನದಲ್ಲಿ ಸುಮಾರು 265 ಕ್ಯಾಲೊರಿ, ನಾರು ಎರಡು ಗ್ರಾಂ ಮಾತ್ರ. ಆದರೆ ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಊಟ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ, ಮತ್ತೊಂದಕ್ಕೆ ಕೈ ಚಾಚುವಂತಾಗುತ್ತದೆ. ಮುದ್ದೆಯನ್ನು ಸಣ್ಣದಾಗಿ ಕಟ್ಟಿ, ಬಸ್ಸಾರಿನ ಜೊತೆಗೆ ಬಸಿದ ಸೊಪ್ಪು ಕಾಳಿನ ಪಲ್ಯವನ್ನು ಧಾರಾಳವಾಗಿ ಇಟ್ಟುಕೊಂಡು, ಒಂದು ತುತ್ತು ಮುದ್ದೆಗೆ ಎರಡು ತುತ್ತು ಪಲ್ಯದಂತೆ ಉಣ್ಣುವುದು ಇದಕ್ಕೆ ಪರಿಹಾರ. ಉತ್ತರ ಕರ್ನಾಟಕದ ಊಟವಂತೂ ಹಸಿವು ತಣಿಸುವ ದೃಷ್ಟಿಯಿಂದ ಹೇಳಿ ಮಾಡಿಸಿದಂತಿದೆ: ಜೋಳದ ರೊಟ್ಟಿಯನ್ನು ಅಗಿಯಲೇಬೇಕು, ಜೊತೆಗೆ ಕಾಳಿನ ಪಲ್ಯ, ಹಸಿ ಮೆಂತ್ಯ, ಮೂಲಂಗಿ, ಸೌತೆಕಾಯಿ, ಈರುಳ್ಳಿ ಇದ್ದೇ ಇರುತ್ತವೆ. ಅಲ್ಲಿ ಹಿಡಿತ ಬೇಕಾದದ್ದು ಶೇಂಗಾ ಹಿಂಡಿಗೆ ಸುರಿಯುವ ಎಣ್ಣೆಗೆ ಮತ್ತು ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಗೆ ಮಾತ್ರ.

ಬೆಳಗಿನ ತಿಂಡಿ ಬಿಡಬಹುದೇ ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ತಿಂಡಿ ಬಿಟ್ಟೂ ಮಧ್ಯಾಹ್ನದವರೆಗೆ ನೆಮ್ಮದಿಯಾಗಿರುವವರಿದ್ದಾರೆ. ಅದನ್ನು ತೀರ್ಮಾನಿಸಬೇಕಾದದ್ದು ಆ ದಿನದ ಸಂಜೆಯನ್ನು ನೋಡಿ: ಸಂಜೆ ಐದಕ್ಕೆ ಕೈ ನಡುಗುವಷ್ಟು ಹಸಿವಾಗಿ ಎರಡು ಪ್ಲೇಟ್ ಬಜ್ಜಿ ಒಳಗೆ ಹೋಗುತ್ತಿದ್ದರೆ ತಿಂಡಿ ಬಿಟ್ಟದ್ದರಿಂದ ಉಳಿತಾಯವಾಗಲಿಲ್ಲ. ತಿಂಡಿ ತಿನ್ನುವವರು ಉಪ್ಪಿಟ್ಟಿನಲ್ಲಿ ರವೆಯಷ್ಟೇ ತರಕಾರಿ ಇರುವಂತೆ, ಅಕ್ಕಿ ರೊಟ್ಟಿಯ ಹಿಟ್ಟಿನಲ್ಲಿ ಸಬ್ಬಸಿಗೆ ಸೊಪ್ಪು ತುಂಬಿರುವಂತೆ, ಇಡ್ಲಿಗೆ ಕಾಯಿ ಚಟ್ನಿಗಿಂತ ಗಟ್ಟಿ ಸಾಂಬಾರು ಹೆಚ್ಚಿರುವಂತೆ ನೋಡಿಕೊಂಡರೆ ಸಾಕು.

ಸಂಜೆಯ ನಾಲ್ಕರಿಂದ ಏಳು

ಪಥ್ಯ ಮುರಿಯುವುದು ಹೆಚ್ಚಾಗಿ ಈ ಹೊತ್ತಿನಲ್ಲಿಯೇ. ಮಧ್ಯಾಹ್ನದ ಊಟ ಕರಗಿರುತ್ತದೆ, ರಾತ್ರಿಯ ಊಟ ದೂರವಿರುತ್ತದೆ, ಕಚೇರಿಯಲ್ಲಿ ಚಹಾದೊಡನೆ ಬಿಸ್ಕತ್ತು ಬರುತ್ತದೆ, ದಾರಿಯಲ್ಲಿ ಬಾಣಲೆಯಿಂದ ಮೆಣಸಿನಕಾಯಿ ಬಜ್ಜಿಯ ಘಮ ಬರುತ್ತದೆ. ಹಸಿದ ಮೇಲೆ ಏನು ತಿನ್ನಲಿ ಎಂದು ಯೋಚಿಸಹೊರಟರೆ ಸೋಲು ಖಚಿತ. ಬೆಳಿಗ್ಗೆಯೇ ಡಬ್ಬಿಯಲ್ಲಿ ಹಾಕಿಕೊಂಡು ಹೋಗಬೇಕು: ಉಪ್ಪು ಹಾಕಿ ಬೇಯಿಸಿದ ಕಡಲೆಕಾಳು ಅಥವಾ ಅಲಸಂದೆ, ಒಂದು ಹಿಡಿ ಹುರಿಗಡಲೆ, ಸೀಬೆಹಣ್ಣು, ಬೇಯಿಸಿದ ಮೊಟ್ಟೆ. ಮಂಡಕ್ಕಿ ಹಗುರವಾದ್ದರಿಂದ ಎಣ್ಣೆ, ಮಿಕ್ಸ್ಚರ್ ಹಾಕದೆ ಟೊಮೇಟೊ, ಈರುಳ್ಳಿ, ಕ್ಯಾರೆಟ್ ತುರಿ, ನಿಂಬೆರಸ ಬೆರೆಸಿದ ಚುರುಮುರಿ ಒಂದು ದೊಡ್ಡ ಬಟ್ಟಲು ತಿಂದರೂ ಭಾರವಾಗದು. ಕಡಲೆಬೀಜ ಒಳ್ಳೆಯದೇ, ಆದರೆ ನೂರು ಗ್ರಾಂನಲ್ಲಿ 500 ಕ್ಯಾಲೊರಿ ಮೀರುವುದರಿಂದ ಪೊಟ್ಟಣವನ್ನು ಎದುರಿಗಿಟ್ಟುಕೊಂಡು ತಿನ್ನದೆ ಒಂದು ಹಿಡಿಗೆ ನಿಲ್ಲಿಸಬೇಕು. ಡೈಜೆಸ್ಟಿವ್ ಎಂಬ ಹೆಸರಿನ ಬಿಸ್ಕತ್ತುಗಳನ್ನು ಪಥ್ಯದ ತಿನಿಸು ಎಂದು ಭಾವಿಸುವುದು ಸರಿಯಲ್ಲ. ನಾಲ್ಕು ತಿಂದರೆ 200 ಕ್ಯಾಲೊರಿಯ ಆಸುಪಾಸಾಗುತ್ತದೆ, ಹಸಿವು ಇದ್ದಲ್ಲಿಯೇ ಇರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಪ್ಪತ್ತು ಮಂದಿಗೆ ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ ಎರಡು ವಾರ ಸಾದಾ ಆಹಾರವನ್ನೂ ಬೇಕಾದಷ್ಟು ತಿನ್ನಲು ಬಿಟ್ಟಾಗ, ಸಂಸ್ಕರಿಸಿದ ಆಹಾರವಿದ್ದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದಿದ್ದರು.

ಒಂದು ಸಣ್ಣ ಬಟ್ಟಲು ಮೊಸರಿಗೆ ಮೂರರಷ್ಟು ನೀರು ಹಾಕಿ ಕಡೆದು, ಉಪ್ಪು, ಶುಂಠಿ, ಕರಿಬೇವು ಸೇರಿಸಿದ ಮಜ್ಜಿಗೆಯಲ್ಲಿ 60 ಕ್ಯಾಲೊರಿಯಷ್ಟೇ ಇರುತ್ತದೆ. ಎರಡು ಲೋಟ ಕುಡಿದರೆ ಒಂದು ಗಂಟೆ ನಿರಾಳ. ಸಕ್ಕರೆ ಹಾಕಿದ ಕಾಫಿ, ಚಹಾ ದಿನಕ್ಕೆ ನಾಲ್ಕು ಬಾರಿ ಆಗುತ್ತಿದ್ದರೆ ಅದರಲ್ಲಿಯೇ 150 ಕ್ಯಾಲೊರಿ ಹೋಗುತ್ತದೆ, ಅದನ್ನು ಉಳಿಸಿ ಊಟಕ್ಕೆ ಕೊಡುವುದು ಮೇಲು. ಊಟಕ್ಕೆ ಅರ್ಧ ಗಂಟೆ ಮೊದಲು ಎರಡು ಲೋಟ ನೀರು ಕುಡಿದರೆ ತುಸು ಸಹಾಯವಾಗುತ್ತದೆ. ಹಸಿವಾದಾಗಲೆಲ್ಲ ನೀರು ಕುಡಿದು ಸುಮ್ಮನಿರಿ ಎಂಬ ಸಲಹೆಯನ್ನು ಮಾತ್ರ ಒಪ್ಪಲಾಗದು.

ನಿದ್ದೆ, ಮನೆ, ವಿರಾಮ

ನಿದ್ದೆಗೆಟ್ಟ ಮರುದಿನ ಹಸಿವು ಹೆಚ್ಚುವುದು ಕಲ್ಪನೆಯಲ್ಲ. 2004ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 12 ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಅವಕಾಶ ಕೊಟ್ಟಾಗ ಅವರ ಲೆಪ್ಟಿನ್ ಶೇ 18ರಷ್ಟು ಇಳಿದು, ಘ್ರೆಲಿನ್ ಶೇ 28ರಷ್ಟು ಏರಿತ್ತು. ರಾತ್ರಿ ಪಾಳಿಯಲ್ಲಿ ದುಡಿಯುವವರು ಪಥ್ಯಕ್ಕಿಂತ ಮೊದಲು ಹಗಲಿನ ನಿದ್ದೆಯನ್ನು ಭದ್ರಪಡಿಸಿಕೊಳ್ಳಬೇಕು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯುವುದು, ರಾತ್ರಿಯೂಟದ ನಂತರ ಅಡುಗೆಮನೆಯ ದೀಪ ಆರಿಸಿ ಹಲ್ಲುಜ್ಜಿಬಿಡುವುದು, ಇವೂ ಕೆಲಸಕ್ಕೆ ಬರುತ್ತವೆ.

ಮನೆಯವರೊಡನೆ ಮಾತನಾಡಿಕೊಳ್ಳುವುದು ಇನ್ನೂ ಮುಖ್ಯ. ‘ಇನ್ನೊಂದು ಹೋಳಿಗೆ ಹಾಕ್ಕೊಳ್ಳಿ, ಒಂದಿನಕ್ಕೇನಾಗುತ್ತೆ’ ಎಂಬ ಉಪಚಾರ ಪ್ರೀತಿಯಿಂದ ಬರುವುದರಿಂದ ಅದನ್ನು ನಿರಾಕರಿಸುವುದು ಕಷ್ಟ. ಹಬ್ಬದ ದಿನ ಬೆಳಿಗ್ಗೆಯಿಂದ ಹಸಿದಿದ್ದು ಎಲೆಯ ಮುಂದೆ ಕೂತರೆ ಲೆಕ್ಕ ತಪ್ಪಿಯೇ ತಪ್ಪುತ್ತದೆ. ಅಂದು ಬೆಳಿಗ್ಗೆ ಮೊಳಕೆಕಾಳು, ಮಜ್ಜಿಗೆ ತೆಗೆದುಕೊಂಡು ಹೋಗಿ, ಮನಸ್ಸಿಗೆ ಬೇಕಾದ ಒಂದು ಸಿಹಿಯನ್ನು ಸಂತೋಷವಾಗಿಯೇ ತಿನ್ನಬೇಕು. ಮನೆಯಲ್ಲಿ ಅಡುಗೆ ಮಾಡುವ ಹೆಂಗಸರೇ ಪಥ್ಯದಲ್ಲಿರುವಾಗ ಕಷ್ಟ ಇಮ್ಮಡಿ: ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವ ಹೊತ್ತಿಗೆ ಹಸಿವು ಮಿತಿ ಮೀರಿರುತ್ತದೆ, ಪಾತ್ರೆಯಲ್ಲಿ ಮಿಕ್ಕಿದ್ದನ್ನು ಚೆಲ್ಲಲು ಮನಸ್ಸು ಬರುವುದಿಲ್ಲ, ಪಲ್ಯ ಮಾತ್ರ ಮುಗಿದಿರುತ್ತದೆ. ಅಂಥವರು ತಮ್ಮ ಪಾಲಿನ ಪಲ್ಯ ಮತ್ತು ಕಾಳನ್ನು ಬಡಿಸುವ ಮೊದಲೇ ಬೇರೆ ಬಟ್ಟಲಿಗೆ ತೆಗೆದಿಟ್ಟುಕೊಳ್ಳಬೇಕು, ಸಾಧ್ಯವಾದರೆ ಎಲ್ಲರ ಜೊತೆಗೇ ಕೂರಬೇಕು. ಇದನ್ನು ಮನೆಯ ಗಂಡಸರೂ ಮಕ್ಕಳೂ ಅರಿತು ನಡೆಸಿಕೊಡಬೇಕಾದದ್ದು ನ್ಯಾಯ.

ಎರಡು ಮೂರು ತಿಂಗಳು ತೂಕ ಇಳಿದ ಮೇಲೆ ಹಸಿವು ಮತ್ತೆ ಬಲವಾದರೆ ಎರಡು ವಾರ ಕಡಿತವನ್ನು ನಿಲ್ಲಿಸಿ, ತೂಕ ಏರದೆ ಇಳಿಯದೆ ನಿಲ್ಲುವಷ್ಟು ಉಣ್ಣಬಹುದು. ಕಾಳು, ತರಕಾರಿ, ಅನ್ನ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹೆಚ್ಚಿಸಿಕೊಳ್ಳಬೇಕೇ ಹೊರತು ಕರಿದ ತಿಂಡಿಗೆ ಮರಳಬಾರದು. ಇದರಿಂದ ಗುರಿ ತಡವಾಗುತ್ತದೆ, ಆದರೆ ಪಥ್ಯ ಉಳಿಯುತ್ತದೆ.

ವೈದ್ಯರನ್ನು ಕಾಣಬೇಕಾದ ಹಸಿವು

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ದಿಢೀರ್ ಹಸಿವು, ಬೆವರು, ನಡುಕ, ಎದೆಬಡಿತ ಒಟ್ಟಿಗೆ ಕಾಣಿಸಿಕೊಂಡರೆ ಅದು ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದ ಲಕ್ಷಣವಾಗಿರಬಹುದು. ತಡಮಾಡದೆ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿಕೊಳ್ಳಬೇಕು. ಪಥ್ಯ ಆರಂಭಿಸುವ ಮೊದಲೇ ಔಷಧದ ಪ್ರಮಾಣದ ಬಗ್ಗೆ ವೈದ್ಯರೊಡನೆ ಚರ್ಚಿಸಿರಬೇಕು. ಬೇಕಾದಷ್ಟು ತಿಂದರೂ ಹಸಿವು ತಣಿಯದೆ ತೂಕ ತಾನಾಗಿ ಇಳಿಯುತ್ತಿದ್ದರೆ, ಬಾಯಾರಿಕೆ ಹೆಚ್ಚಿದ್ದರೆ, ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಸ್ಟೀರಾಯ್ಡ್‌ಗಳೂ ಕೆಲವು ಮನೋರೋಗದ ಔಷಧಗಳೂ ಹಸಿವನ್ನು ಹೆಚ್ಚಿಸುತ್ತವೆ, ಆದರೆ ಅವುಗಳನ್ನು ತಾವಾಗಿಯೇ ನಿಲ್ಲಿಸಬಾರದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ಕಡಿತದ ಪಥ್ಯಕ್ಕೆ ಇಳಿಯಲೇಬಾರದು. ಹಸಿವನ್ನು ತಗ್ಗಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು ಈಗ ಭಾರತದಲ್ಲಿಯೂ ದೊರೆಯುತ್ತವೆ. ಅವು ಬೊಜ್ಜಿನಿಂದ ಕಾಯಿಲೆಗೆ ಒಳಗಾದವರಿಗೆ ವೈದ್ಯರು ನೋಡಿ ಬರೆದುಕೊಡುವ ಔಷಧಗಳು, ಪರಿಚಿತರ ಮಾತು ಕೇಳಿ ತರಿಸಿಕೊಳ್ಳುವಂಥವಲ್ಲ.

ಹಗಲೆಲ್ಲ ಹಸಿದಿದ್ದು ರಾತ್ರಿ ಯಾರಿಗೂ ಕಾಣದಂತೆ ಹೊಟ್ಟೆ ಬಿರಿಯುವಷ್ಟು ತಿನ್ನುವುದು, ತಿಂದದ್ದನ್ನು ವಾಂತಿ ಮಾಡುವುದು, ತಿಂದೆನಲ್ಲ ಎಂಬ ಅಪರಾಧಭಾವದಲ್ಲಿ ದಿನ ಕಳೆಯುವುದು ಪದೇಪದೇ ಆಗುತ್ತಿದ್ದರೆ ತೂಕ ಇಳಿಸುವ ಪ್ರಯತ್ನವನ್ನು ಅಲ್ಲಿಗೇ ನಿಲ್ಲಿಸಿ ಮನೋವೈದ್ಯರ ನೆರವು ಪಡೆಯಬೇಕು. ಯಾರ ಬಳಿ ಹೇಳಿಕೊಳ್ಳುವುದೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.